ಎರಡು ವಾರಕ್ಕೆ ಘಾನಾಗೆ ಹೋಗುವವರಿಗೂ ಹಳದಿ ಜ್ವರದ ಲಸಿಕೆ ಬೇಕೇ ಬೇಕಾ?

"ಎರಡೇ ವಾರ, ಅಕ್ರಾ ನಗರದಲ್ಲೇ ಇರ್ತೀನಿ, ಕಾಡಿನ ಕಡೆ ಹೋಗಲ್ಲ, ಚುಚ್ಚಿಸಿಕೊಳ್ಳದೆ ಕಾರ್ಡ್ ಮಾತ್ರ ಮಾಡಿಸಿಕೊಡ್ತೀನಿ ಅಂತ ಏಜೆಂಟ್ ಹೇಳ್ತಿದ್ದಾರೆ" ಎಂದು ಬರೆದಿದ್ದೀರಿ. ವೀಸಾ, ಕಸ್ಟಮ್ಸ್ ಬಗ್ಗೆಯೂ ಕೇಳಿದ್ದೀರಿ. ಅದನ್ನೆಲ್ಲ ಕೊನೆಗೆ ಹೇಳ್ತೀನಿ, ಮೊದಲು ಈ ಕಾರ್ಡಿನ, ಅಂದರೆ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರದ ವಿಷಯ. ಅದು ಘಾನಾದವರು ಕೇಳುವ ಒಂದು ಕಾಗದ, ತೋರಿಸಿ ಒಳಗೆ ಹೋದರೆ ಮುಗಿಯಿತು ಅಂತ ನೀವು ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡ್ತೀನಿ. ನಮ್ಮ ಪ್ಯಾಕಿಂಗ್ ಮೆಷಿನ್‌ಗಳು ಪಶ್ಚಿಮ ಆಫ್ರಿಕಾಕ್ಕೂ ಹೋಗುತ್ತವೆ. ಅಕ್ರಾ ಪಕ್ಕದ ಬಂದರು ಊರು ಟೆಮಾದಲ್ಲಿ ಒಂದು ಮೆಷಿನ್ ಕೂರಿಸಿ, ಓಡಿಸಿ ತೋರಿಸಿ, ಅಲ್ಲಿನ ಹುಡುಗರಿಗೆ ಕಲಿಸಿ ಬರಬೇಕಿತ್ತು. ಲಸಿಕೆಯನ್ನು ನಾನು ನಿಯತ್ತಾಗಿ ಹಾಕಿಸಿಕೊಂಡಿದ್ದೆ. ಅಕ್ರಾದಲ್ಲಿ ಇಳಿದಾಗ ಇಮಿಗ್ರೇಷನ್‌ಗೂ ಮುಂಚೆ ಆರೋಗ್ಯ ಇಲಾಖೆಯವರು ನಿಂತಿದ್ದರು. ಸಮವಸ್ತ್ರದ ಹೆಂಗಸೊಬ್ಬರು ಕಾರ್ಡ್ ಬಿಡಿಸಿ ತಾರೀಕು ನೋಡಿದರು, ಪಾಸ್‌ಪೋರ್ಟ್ ನಂಬರ್ ಜೊತೆ ಹೋಲಿಸಿದರು, ನಗುತ್ತಾ ವಾಪಸ್ ಕೊಟ್ಟರು. ಅಲ್ಲಿಗೆ ಆ ಕಾರ್ಡಿನ ಕೆಲಸ ಮುಗಿಯಿತು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮುಂದೆ ಮೆಷಿನ್ ಕೆಲಸ ಎಳೆಯಿತು. ಬಿಡಿಭಾಗವೊಂದು ಬಂದರಿನಲ್ಲೇ ಸಿಕ್ಕಿಕೊಂಡಿತ್ತು. ನನ್ನ ವೀಸಾ ಇನ್ನೂ ಚಾಲ್ತಿಯಲ್ಲಿತ್ತು, ಆದರೆ ವೀಸಾ ಮೇಲಿನ ತಾರೀಕೇ ಬೇರೆ, ಇಳಿದ ದಿನ ಇಮಿಗ್ರೇಷನ್‌ನವರು ಒತ್ತುವ ಮೊಹರಿನಲ್ಲಿ ಬರೆಯುವ ದಿನಗಳೇ ಬೇರೆ. ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಮೊಹರು. ಅದನ್ನು ಅಲ್ಲೇ ನಿಂತು ಓದಿಕೊಳ್ಳಿ, ಕಡಿಮೆ ಬರೆದಿದ್ದರೆ ಅಲ್ಲೇ ಕೇಳಿ. ನನ್ನ ದಿನಗಳು ಮುಗಿಯುತ್ತಾ ಬಂದಿದ್ದರಿಂದ ವಿಸ್ತರಣೆಗೆ ಅರ್ಜಿ ಹಾಕಬೇಕಾಯಿತು. ಕಾರ್ಖಾನೆಯ ಆಡಳಿತ ವಿಭಾಗದವರು ದಾಖಲೆ ಕೇಳಿದರು. ಪಾಸ್‌ಪೋರ್ಟ್, ಒಳಗಿದ್ದ ಹಳದಿ ಕಾರ್ಡ್ ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಕೊಟ್ಟೆ. ಪಾಸ್‌ಪೋರ್ಟ್ ಬಂತು. ಕಾರ್ಡ್ ಅವರ ಫೈಲಿನಲ್ಲೇ ಉಳಿಯಿತು.

ಇದು ಮರೆವು ಅಲ್ಲ. ಹೊರಡುವ ಹಿಂದಿನ ಸಂಜೆ ಬ್ಯಾಗ್ ಕಟ್ಟುವಾಗ ಕಾರ್ಡ್ ಇಲ್ಲ ಎಂಬುದು ಗೊತ್ತಾಯಿತು. ಯಾವ ಬೀರುವಿನಲ್ಲಿದೆ ಎಂಬುದೂ ಗೊತ್ತಿತ್ತು. ಫೋನ್ ಮಾಡಿದ್ದರೆ ಡ್ರೈವರ್ ತಂದುಕೊಡುತ್ತಿದ್ದ. ಮಾಡಲಿಲ್ಲ. ಯಾಕೆ ಅಂದರೆ, ವೀಸಾ ಥರ ಅದೂ ಒಳಗೆ ಬರುವುದಕ್ಕೆ ಬೇಕಾದ ಕಾಗದ, ನಾನೀಗ ಹೊರಗೆ ಹೋಗ್ತಿದ್ದೀನಿ, ಅದೂ ನನ್ನ ಸ್ವಂತ ದೇಶಕ್ಕೆ ಅಂತ ಲೆಕ್ಕ ಹಾಕಿದೆ. ಫೋನಿನಲ್ಲಿ ಫೋಟೋ ಇತ್ತು. ಕೋವಿಡ್ ಕಾಲದಲ್ಲಿ ಎಲ್ಲೆಲ್ಲೂ ಫೋನಿನಲ್ಲೇ ಸರ್ಟಿಫಿಕೇಟ್ ತೋರಿಸಿ ಅಭ್ಯಾಸವಾಗಿತ್ತು, ಇದೂ ನಡೆಯುತ್ತದೆ ಅಂದುಕೊಂಡೆ. ಇವೆಲ್ಲಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿತ್ತು: ಲಸಿಕೆ ನನ್ನ ಮೈಯಲ್ಲೇ ಇದೆ, ಇನ್ನೇನು ಭಯ? ಆದರೆ ಮೈಯಲ್ಲಿರುವುದನ್ನು ಕೌಂಟರಿನಲ್ಲಿ ಕೂತವರು ನೋಡಲಾಗುವುದಿಲ್ಲ. ಅವರಿಗೆ ಇರುವ ಒಂದೇ ಆಧಾರ ಸಹಿ, ಮೊಹರು, ಬ್ಯಾಚ್ ನಂಬರ್ ಇರುವ ಆ ಮೂಲ ಕಾರ್ಡ್.

ಅಡಿಸ್ ಅಬಾಬಾ ಮೇಲೆ ಬೆಂಗಳೂರಿಗೆ ಬಂದೆ. ಇಮಿಗ್ರೇಷನ್‌ಗೆ ಮೊದಲೇ ಆರೋಗ್ಯ ಕೌಂಟರ್. "ಎಲ್ಲಿಂದ ಬಂದಿರಿ? ಕಾರ್ಡ್ ಕೊಡಿ." ಫೋಟೋ ತೋರಿಸಿದೆ. ಡಾಕ್ಟರು ದನಿ ಏರಿಸಲಿಲ್ಲ, "ಒರಿಜಿನಲ್ ಇಲ್ಲದೆ ನಾನು ಬಿಡೋ ಹಾಗಿಲ್ಲ" ಎಂದರು. ಹಳದಿ ಜ್ವರ ಇರುವ ದೇಶದಿಂದ ಚಾಲ್ತಿ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬೇಕು ಎಂಬುದು ನಮ್ಮ ದೇಶದ ನಿಯಮ. ಸೋಂಕು ತಗುಲಿದರೆ ಜ್ವರ ಕಾಣಿಸಿಕೊಳ್ಳಲು ಮೂರರಿಂದ ಆರು ದಿನ ಬೇಕು, ಅದಕ್ಕೇ ಆ ಆರು. ಭಾರತೀಯ, ವಿದೇಶಿ ಎಂಬ ಭೇದವಿಲ್ಲ.

ನನ್ನನ್ನು ಇಟ್ಟ ಕೋಣೆಗೆ ಎರಡು ಬಾಗಿಲು. ಹೊರಗಿನದು ಮುಚ್ಚಿದ ಮೇಲೇ ಒಳಗಿನದು ತೆಗೆಯಬೇಕು. ಕಿಟಕಿಗೆಲ್ಲ ಸಣ್ಣ ಕಣ್ಣಿನ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ. ಊಟ ತಂದವರು ಎರಡು ಬಾಗಿಲ ನಡುವೆ ನಿಂತು ಒಮ್ಮೆ ಸುತ್ತ ನೋಡಿಯೇ ಒಳಗೆ ಬರುತ್ತಿದ್ದರು. ಅದೇ ವಾರ ಊರಿನಲ್ಲಿ ಅಪ್ಪನ ವರ್ಷಾಂತಿಕ ಇತ್ತು. ಹಿರಿಮಗ ನಾನು. ತಿಥಿಯನ್ನು ಮುಂದೂಡಲಾಗುವುದಿಲ್ಲ. ತಮ್ಮ ಪಿಂಡ ಇಟ್ಟ. ನನಗೆ ಹೋದದ್ದು ಅದು. ಟಿಕೆಟ್ ದುಡ್ಡು ಹೋಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ನನ್ನ ಒಂದು ಕಾಗದಕ್ಕೆ ಇಷ್ಟು ಬಿಗಿ ಯಾಕೆ ಎಂದು ಆ ಡಾಕ್ಟರನ್ನೇ ಕೇಳಿದೆ. ಅವರು ಹೇಳಿದ್ದನ್ನು ನಿಮ್ಮ ಏಜೆಂಟ್‌ಗೂ ಹೇಳಿ. ಹಳದಿ ಜ್ವರ ಹರಡುವುದು ಈಡಿಸ್ ಈಜಿಪ್ಟೈ ಸೊಳ್ಳೆ. ಬೆಂಗಳೂರಿನಲ್ಲಿ ನಮಗೆ ಡೆಂಗಿ ಕೊಡುವುದೂ ಅದೇ. ಹೂಕುಂಡದ ತಟ್ಟೆ, ಹಳೆ ಟೈರು, ಮುಚ್ಚದ ಡ್ರಮ್ಮು, ನಿಂತ ನೀರು ಸಿಕ್ಕಲ್ಲೆಲ್ಲ ಮರಿ ಮಾಡುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಬೇಕಾಯಿತು. ಅಂದರೆ ಸೊಳ್ಳೆ ನಮ್ಮಲ್ಲಿದೆ, ಲಸಿಕೆ ಇಲ್ಲದ ಕೋಟ್ಯಂತರ ಜನ ಇದ್ದಾರೆ, ವೈರಸ್ ಒಂದು ಮಾತ್ರ ಇಲ್ಲ. ಭಾರತದಲ್ಲಿ ಹಳದಿ ಜ್ವರ ಇದುವರೆಗೆ ಕಾಣಿಸಿಕೊಂಡಿಲ್ಲ. ಸೋಂಕು ಹೊತ್ತ ಒಬ್ಬ ಮನುಷ್ಯ ಇಳಿದು, ಅವನನ್ನು ನಮ್ಮ ಬೀದಿಯ ಸೊಳ್ಳೆ ಕಚ್ಚಿದರೆ ಸಾಕು. ಆ ಜಾಲರಿ ಸೊಳ್ಳೆ ನನ್ನನ್ನು ಕಚ್ಚದಿರಲಿ ಅಂತ ಹಾಕಿದ್ದಲ್ಲ, ನನ್ನನ್ನು ಕಚ್ಚಿ ಹೊರಗೆ ಹಾರದಿರಲಿ ಅಂತ ಹಾಕಿದ್ದು. ಅದು ಅರ್ಥವಾದ ಮೇಲೆ ನನಗೆ ಯಾರ ಮೇಲೂ ಸಿಟ್ಟು ಉಳಿಯಲಿಲ್ಲ.

ಹಾಗಾಗಿ "ಅಕ್ರಾ ಪಟ್ಟಣದಲ್ಲೇ ಇರ್ತೀನಿ" ಎಂಬ ನಿಮ್ಮ ವಾದ ನಿಲ್ಲುವುದಿಲ್ಲ. ಈಡಿಸ್ ಪಟ್ಟಣದ ಸೊಳ್ಳೆ, ಹಗಲು ಹೊತ್ತು ಕಚ್ಚುವ ಸೊಳ್ಳೆ. ಇನ್ನು ಕಳ್ಳ ಕಾರ್ಡ್: ಅದು ಫೋರ್ಜರಿ, ಸಿಕ್ಕಿಬಿದ್ದರೆ ಕಂಪನಿ ನಿಮ್ಮ ಜೊತೆ ನಿಲ್ಲುವುದಿಲ್ಲ. ಸಿಕ್ಕಿಬೀಳದಿದ್ದರೆ ಅದಕ್ಕಿಂತ ಕೆಟ್ಟದ್ದು, ರಕ್ಷಣೆಯೇ ಇಲ್ಲದೆ ಓಡಾಡಿ ಮನೆಗೆ ಬರುತ್ತೀರಿ, ಯಾರೂ ತಡೆಯುವುದಿಲ್ಲ. ಈ ರೋಗಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ತೀವ್ರ ಹಂತಕ್ಕೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಹತ್ತು ದಿನದೊಳಗೆ ಸಾಯುತ್ತಾರೆ.

ಆ ಕೋಣೆಯಲ್ಲಿ ಕೂತು ಓದಿದ ಇನ್ನೊಂದು ವಿಷಯ ಹೇಳಲೇಬೇಕು. 1927ರಲ್ಲಿ, ಘಾನಾ ಇನ್ನೂ ಗೋಲ್ಡ್ ಕೋಸ್ಟ್ ಆಗಿದ್ದಾಗ, ಅಸಿಬಿ ಎಂಬ ಅಲ್ಲಿನ ಯುವಕನಿಗೆ ಹಳದಿ ಜ್ವರ ಬಂತು. ಅವನ ರಕ್ತದಿಂದ ಬೇರ್ಪಡಿಸಿದ ವೈರಸ್ಸನ್ನೇ ಪಳಗಿಸಿ, ಶಕ್ತಿಗುಂದಿಸಿ, ಮ್ಯಾಕ್ಸ್ ಥೈಲರ್ ತಂಡ 1937ರಲ್ಲಿ 17ಡಿ ಲಸಿಕೆ ಮಾಡಿತು. ಥೈಲರ್‌ಗೆ 1951ರಲ್ಲಿ ನೊಬೆಲ್ ಬಂತು. ಅಸಿಬಿ ಬದುಕುಳಿದ. ಮರುವರ್ಷ, 1928ರ ಮೇ ತಿಂಗಳಲ್ಲಿ, ಇದೇ ರೋಗವನ್ನು ಅಧ್ಯಯನ ಮಾಡಲು ಬಂದಿದ್ದ ಜಪಾನಿನ ವಿಜ್ಞಾನಿ ಹಿದೆಯೊ ನೊಗುಚಿ ಅಕ್ರಾದಲ್ಲೇ ಹಳದಿ ಜ್ವರದಿಂದ ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಸಂಸ್ಥೆ ಈಗಲೂ ಅಕ್ರಾದ ಲೆಗಾನ್‌ನಲ್ಲಿದೆ. ನಿಮ್ಮ ತೋಳಿಗೆ ಹಾಕುವ ಲಸಿಕೆಯ ಮೂಲ ವೈರಸ್ ನೀವು ಹೋಗುತ್ತಿರುವ ಆ ದೇಶದಿಂದಲೇ ಬಂದದ್ದು. ಅದನ್ನು ಕಾಟಾಚಾರದ ಕಾಗದ ಅಂತ ನೋಡಬೇಡಿ.

ಈಗ ಮಾಡಬೇಕಾದ್ದು. ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥದ್ದೊಂದು. ಪುಡಿ ರೂಪದ ಲಸಿಕೆಯನ್ನು ದ್ರವದಲ್ಲಿ ಕಲಸಿದ ಮೇಲೆ ಕೆಲವೇ ಗಂಟೆಗಳೊಳಗೆ ಮುಗಿಸಬೇಕು, ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಇರುತ್ತದೆ. ಅದಕ್ಕೇ ನಿಗದಿತ ದಿನಗಳಲ್ಲಿ ಜನ ಸೇರಿಸಿ ಹಾಕುತ್ತಾರೆ. ಮೊದಲೇ ವಿಚಾರಿಸಿ, ಮೂಲ ಪಾಸ್‌ಪೋರ್ಟ್ ಒಯ್ಯಿರಿ. ಚುಚ್ಚಿದ ಹತ್ತು ದಿನದ ಮೇಲೇ ಕಾರ್ಡ್ ಚಾಲ್ತಿಗೆ ಬರುತ್ತದೆ, ಹಾಗಾಗಿ ಟಿಕೆಟ್‌ಗಿಂತ ಮುಂಚೆ ಇದು. 2016ರ ಜುಲೈನಿಂದ ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆಯ ತೀವ್ರ ಅಲರ್ಜಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಮಾತ್ರೆ, ಅರವತ್ತು ದಾಟಿದ ವಯಸ್ಸು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಯಾಕೆಂದರೆ ಇದು ಜೀವಂತ ವೈರಸ್ಸಿನ ಲಸಿಕೆ. ಕಾರ್ಡಿನಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ನಿಮ್ಮ ಸಹಿಯ ಜಾಗ ಖಾಲಿ ಬಿಡಬೇಡಿ.

ವೀಸಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಘಾನಾ ಹೈಕಮಿಷನ್ ದೆಹಲಿಯಲ್ಲಿದೆ, ಕರೆಸಿಕೊಳ್ಳುವ ಕಂಪನಿಯ ಆಹ್ವಾನ ಪತ್ರ ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಇಳಿದ ಮೇಲೆ ವೀಸಾ ತಗೋಬಹುದು ಅಂತ ಯಾರಾದರೂ ಹೇಳಿದರೆ ನಂಬಿ ಹೊರಡಬೇಡಿ, ಅದಕ್ಕೂ ಅಲ್ಲಿನ ಇಮಿಗ್ರೇಷನ್ ಇಲಾಖೆಯ ಒಪ್ಪಿಗೆ ಮುಂಚೆಯೇ ಬೇಕು.

ಕಸ್ಟಮ್ಸ್‌ನಲ್ಲಿ ಬಟ್ಟೆಬರೆ, ಲ್ಯಾಪ್‌ಟಾಪ್‌ಗೆ ತೊಂದರೆ ಇಲ್ಲ. ಕಂಪನಿಯ ಬಿಡಿಭಾಗಗಳನ್ನು ಸೂಟ್‌ಕೇಸಿನಲ್ಲಿ ತುರುಕಿಕೊಂಡು ಹೋಗುವುದಾದರೆ ಬೆಲೆ ಇರುವ ಇನ್‌ವಾಯ್ಸ್ ಜೊತೆಗಿರಲಿ, ಕೇಳಿದರೆ ತೋರಿಸಿ ಸುಂಕ ಕಟ್ಟಿ. ಡಾಲರ್ ನೋಟು ನಮ್ಮ ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಪ್ರಯಾಣಕ್ಕೆ 3,000ದವರೆಗೆ ಮಾತ್ರ ಒಯ್ಯಬಹುದು. ಸೈನಿಕರ ಬಣ್ಣದ ಪ್ಯಾಂಟು, ಟೋಪಿ, ಬ್ಯಾಗು ಯಾವುದೂ ಬೇಡ, ಅಲ್ಲಿ ನಾಗರಿಕರು ಅದನ್ನು ತೊಡುವಂತಿಲ್ಲ. ಅಗ್ಗದ ಚಿನ್ನ ಕೊಡ್ತೀವಿ ಅಂತ ಬರುವವರ ಹತ್ತಿರ ಮಾತೇ ಆಡಬೇಡಿ.

ಆದರೆ ಔಷಧಿ ವಿಷಯದಲ್ಲಿ ನಿಧಾನಿಸಿ. ಅಮ್ಮಂದಿರು ಕಟ್ಟಿಕೊಡುವ ಮಾತ್ರೆ ಡಬ್ಬದಲ್ಲಿ ಕೊಡೀನ್ ಇರುವ ಕೆಮ್ಮಿನ ಸಿರಪ್ಪೋ ಟ್ರಮಡಾಲ್ ಇರುವ ನೋವಿನ ಮಾತ್ರೆಯೋ ಇದ್ದರೆ ತೆಗೆದಿಡಿ. ಭಾರತದಿಂದ ಹೋದ ಇಂಥ ಮಾತ್ರೆಗಳು ಪಶ್ಚಿಮ ಆಫ್ರಿಕಾದ ಎಷ್ಟೋ ಹುಡುಗರನ್ನು ಚಟಕ್ಕೆ ತಳ್ಳಿವೆ. ಕೊಡೀನ್ ಸಿರಪ್ಪಿನ ಆಮದನ್ನು ಘಾನಾ 2018ರಲ್ಲೇ ನಿಷೇಧಿಸಿತು. ಟ್ಯಾಪೆಂಟಡಾಲ್ ಎಂಬ ನೋವಿನ ಔಷಧಿ ಮತ್ತು ಕ್ಯಾರಿಸೊಪ್ರೊಡಾಲ್ ಎಂಬ ಸ್ನಾಯು ಸಡಿಲಿಸುವ ಔಷಧಿ ಬೆರೆಸಿದ ಮಾತ್ರೆಗಳ ರಫ್ತನ್ನು ನಮ್ಮ ಸರ್ಕಾರವೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿದ್ದು ಅಲ್ಲಿನವರು ಮರೆತಿಲ್ಲ. ಟೆಮಾದಲ್ಲಿ ನನ್ನ ಜೊತೆ ಕೆಲಸ ಮಾಡಿದ ಹುಡುಗನೇ ಇದನ್ನು ನನ್ನ ಮುಖಕ್ಕೆ ಕೇಳಿದ್ದ, ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗೆ ನಿತ್ಯ ಬೇಕಾದ ಮಾತ್ರೆಯನ್ನು ಅದರ ಮೂಲ ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿಯ ಸಮೇತ ಒಯ್ಯಿರಿ.

ಮಲೇರಿಯಾಕ್ಕೆ ಯಾರೂ ಕಾರ್ಡ್ ಕೇಳುವುದಿಲ್ಲ, ಆದರೆ ನಿಜವಾದ ಅಪಾಯ ಅಲ್ಲೇ ಹೆಚ್ಚು. ಮಂಗಳೂರು ಕಡೆ ನಾವು ನೋಡುವ ಮಲೇರಿಯಾ ಬಹುಪಾಲು ವೈವಾಕ್ಸ್ ಎಂಬ ಬಗೆ. ಘಾನಾದ್ದು ಬಹುಪಾಲು ಫಾಲ್ಸಿಪಾರಂ ಎಂಬ ಬಗೆ, ಹಳೆಯ ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್‌ಗೆ ಬಗ್ಗುವುದಿಲ್ಲ, ತಡ ಮಾಡಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಮುಂಜಾಗ್ರತೆಯ ಮಾತ್ರೆ ಯಾವುದು ಎಂದು ಹೋಗುವ ಮುಂಚೆ ವೈದ್ಯರನ್ನು ಕೇಳಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು, ಊರಿಗೆ ಬಂದೆ ಅಂತ ನಿಲ್ಲಿಸಬೇಡಿ. ಬಂದ ಮೇಲಿನ ತಿಂಗಳುಗಳಲ್ಲಿ ಜ್ವರ ಬಂದರೆ ಡೋಲೋ ನುಂಗಿ ಮಲಗಬೇಡಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಕೇಳಲಿ ಬಿಡಲಿ, ಘಾನಾಗೆ ಹೋಗಿದ್ದೆ ಅಂತ ಮೊದಲ ಮಾತಿನಲ್ಲೇ ಹೇಳಿ.