10 ಕೋಟಿ ಡಿಗ್ರಿಯ ಪ್ಲಾಸ್ಮಾದೊಳಗೆ ಥರ್ಮಾಮೀಟರ್ ಇಡೋದು ಹೇಗೆ? ಮೈಕ್ರೋವೇವ್‌ನಿಂದ ಅಳೆಯುತ್ತಾರಂತೆ, ಅದು ಅಡುಗೆಮನೆಯದೇನಾ?

ಜಾತಿ ಅದೇ, ಆವರ್ತನ ಬೇರೆ. ಥರ್ಮಾಮೀಟರ್ ಮಾತ್ರ ಒಳಗೆ ಇಡೋದೇ ಇಲ್ಲ. ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್‌ಗಳು ಪರಮಾಣುವಿನಿಂದ ಬಿಡಿಸಿಕೊಳ್ಳುವಷ್ಟು ಕಾದ ಅನಿಲ, ತಾನೇ ಮೈಕ್ರೋವೇವ್ ಸೂಸುತ್ತದೆ, ನಾವು ಹೊರಗೆ ಕೂತು ಕೇಳಿಸಿಕೊಳ್ಳುತ್ತೇವೆ.

ಟೋಕಮ್ಯಾಕ್ ಅಂದರೆ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಯಂತ್ರ. ಅದರ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳು ಗಿರಗಿರ ಸುತ್ತುತ್ತವೆ. ಕ್ಷೇತ್ರ 1 ಟೆಸ್ಲಾ ಇದ್ದರೆ ಸೆಕೆಂಡಿಗೆ 2,800 ಕೋಟಿ ಸುತ್ತು, ಅಂದರೆ 28 ಗಿಗಾಹರ್ಟ್ಸ್. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಅನ್ನೋ ದೊಡ್ಡ ಟೋಕಮ್ಯಾಕ್‌ನಲ್ಲಿ ಪ್ಲಾಸ್ಮಾದ ನಡುವಿನ ಕ್ಷೇತ್ರ 5.3 ಟೆಸ್ಲಾ, ಅಲ್ಲಿ ಇದು ಸುಮಾರು 148 ಗಿಗಾಹರ್ಟ್ಸ್ ಆಗುತ್ತದೆ. ಹೀಗೆ ಸುತ್ತುವಾಗ ಅದೇ ಆವರ್ತನದಲ್ಲಿ, ಅದರ ಎರಡರಷ್ಟು, ಮೂರರಷ್ಟರಲ್ಲೂ ಅಲೆ ಹೊರಬರುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಮುಂದಿದೆ. ಟೋಕಮ್ಯಾಕ್ ವಡೆಯ ಆಕಾರದ್ದು, ನಡುವೆ ತೂತು. ತೂತಿನ ಕಡೆ ಕ್ಷೇತ್ರ ಜಾಸ್ತಿ, ಹೊರಗೆ ಹೋದಂತೆ ಕಡಿಮೆ. ಹಾಗಾಗಿ ಒಂದೊಂದು ಜಾಗದಿಂದ ಒಂದೊಂದು ಆವರ್ತನ ಬರುತ್ತದೆ. ರೇಡಿಯೋ ಟ್ಯೂನ್ ಮಾಡಿದ ಹಾಗೆ ಆವರ್ತನ ಬದಲಿಸುತ್ತಾ ಹೋದರೆ ಯಾವ ಜಾಗ ಎಷ್ಟು ಬಿಸಿ ಅಂತ ಸಾಲಾಗಿ ಸಿಗುತ್ತದೆ. ಪ್ಲಾಸ್ಮಾ ಆ ಆವರ್ತನಕ್ಕೆ ಸಾಕಷ್ಟು ದಟ್ಟವಾಗಿದ್ದರೆ ಕಾದ ಕಬ್ಬಿಣದಂತೆಯೇ ವರ್ತಿಸುತ್ತದೆ: ಅಲೆ ಜೋರಾದಷ್ಟೂ ಎಲೆಕ್ಟ್ರಾನ್ ಬಿಸಿ ಜಾಸ್ತಿ. ಅಂಚಿನ ತೆಳು ಪ್ಲಾಸ್ಮಾದಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಬಿಸಿಯ ಜೊತೆ ಎಲೆಕ್ಟ್ರಾನ್ ಎಷ್ಟಿವೆ ಅನ್ನೋದೂ ಬೇಕಲ್ವಾ? ಅದಕ್ಕೆ ನಾವೇ ಅಲೆ ಕಳಿಸಬೇಕು. ಘನ ಸೆಂಟಿಮೀಟರಿಗೆ 10 ಲಕ್ಷ ಕೋಟಿ ಎಲೆಕ್ಟ್ರಾನ್ ಇರುವ ಪದರವನ್ನು ದಾಟಲು ಸಾಮಾನ್ಯವಾಗಿ 28 ಗಿಗಾಹರ್ಟ್ಸ್‌ಗಿಂತ ಹೆಚ್ಚಿನ ಅಲೆ ಬೇಕು. ನಿಮ್ಮ ಓವನ್ನಿನ 2.45 ಗಿಗಾಹರ್ಟ್ಸ್ ಅಲೆ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಹೀಗೆ ವಾಪಸ್ ಬರೋದನ್ನೇ ರಾಡಾರ್ ಥರ ಬಳಸುವ ವಿಧಾನವೂ ಇದೆ, ರಿಫ್ಲೆಕ್ಟೋಮೆಟ್ರಿ ಅಂತಾರೆ.

ಆರಪಾರ ಹೋಗುವ ಅಲೆಯಾದರೆ ಅದರ ಫೇಸ್, ಅಂದರೆ ಅಲೆಯ ಏರಿಳಿತದ ಹಂತ, ಎಷ್ಟು ಸರಿಯಿತು ಅಂತ ನೋಡುತ್ತಾರೆ. ಎಲೆಕ್ಟ್ರಾನ್ ಜಾಸ್ತಿ ಇದ್ದಷ್ಟೂ ಅದು ಹೆಚ್ಚು ಸರಿಯುತ್ತದೆ. ಇದು ಇಂಟರ್‌ಫೆರೋಮೀಟರ್. ಗಾಂಧಿನಗರದ ಆದಿತ್ಯ ಟೋಕಮ್ಯಾಕ್‌ನಲ್ಲೂ ಇದನ್ನು ಬಳಸಿದ್ದಾರೆ. ತೊಂದರೆ ಏನಂದ್ರೆ, ಇದು ನಿಮಿಷದ ಮುಳ್ಳು ಮಾತ್ರ ಇರುವ ಗಡಿಯಾರ. ಎಷ್ಟು ಸುತ್ತು ಆಯಿತು ಅಂತ ನಾವೇ ಎಣಿಸಬೇಕು. ಸಿಗ್ನಲ್ ಒಂದು ಕ್ಷಣ ಸತ್ತರೆ ಎಣಿಕೆ ತಪ್ಪುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನು ಬರೆದ ಕೋಡ್‌ನಲ್ಲಿ ಪ್ಲಾಸ್ಮಾ ಆರಿದ ಮೇಲೂ ಗ್ರಾಫ್ ಸೊನ್ನೆಗೆ ಇಳಿಯಲೇ ಇಲ್ಲ. ಎರಡು ದಿನ ಉಪಕರಣವನ್ನು ಬೈದೆ. ಕೊನೆಗೆ ನೋಡಿದರೆ ನಾನೇ ಒಂದು ಸುತ್ತು ಬಿಟ್ಟಿದ್ದೆ.