ದೊಡ್ಡ ಕಂಪನಿ ಇಲ್ಲದೆ ನಾನೇ ಮಾಡಿದ ಮೊದಲ ಗೇಮ್ (ಇಂಡೀ ಗೇಮ್) ಬಗ್ಗೆ ಜನರಿಗೆ ಹೇಳೋಕೆ ಭಯ. ಏನು ಮಾಡಲಿ?

ನಗ್ತಾರೇನೋ ಅನ್ನೋ ಅಳುಕು ಎಲ್ಲರಿಗೂ ಇರುತ್ತೆ. ನಿಜ ಹೇಳಬೇಕಂದ್ರೆ, ಮೊದಲ ಗೇಮ್‌ಗೆ ಬೈಯುವವರಿಗಿಂತ ಗಮನಿಸದೇ ಹೋಗುವವರೇ ಜಾಸ್ತಿ. ‘ಅಮಾಂಗ್ ಅಸ್’ ಅನ್ನೋ ಇಂಡೀ ಗೇಮ್ ಬಂದಿದ್ದು 2018ರಲ್ಲಿ, ಜನ ಮುಗಿಬಿದ್ದಿದ್ದು 2020ರಲ್ಲಿ.

ಒಂದೇ ಸಲ ಊರಿಗೆಲ್ಲ ತೋರಿಸಬೇಕಾಗಿಲ್ಲ. ಇಂಡೀ ಗೇಮ್‌ಗಳನ್ನ ಹಾಕೋ ವೆಬ್‌ಸೈಟ್ ಇಚ್ ಡಾಟ್ ಐಓದಲ್ಲಿ (itch.io) ಪಾಸ್‌ವರ್ಡ್ ಹಾಕಿದ ಪುಟ ಮಾಡಿ, ಮೊದಲು ಇಬ್ಬರು ಮೂವರಿಗೆ ಕೊಡಿ. ಅವರು ಆಡುವಾಗ ಪಕ್ಕದಲ್ಲಿ ಸುಮ್ನೆ ಕೂತಿರಿ. ‘ಅಲ್ಲಿ ಜಂಪ್ ಮಾಡು’ ಅಂತ ಬಾಯಿ ತುದಿಗೆ ಬರುತ್ತೆ, ಹೇಳಬೇಡಿ (ಕಷ್ಟ ಇರೋದೇ ಇಲ್ಲಿ!). ಎಲ್ಲಿ ತಡವರಿಸಿದರು ಅಂತ ಬರೆದುಕೊಳ್ಳಿ. ‘ಚೆನ್ನಾಗಿಲ್ಲ’ ಅಂದರೆ ಮನಸ್ಸಿಗೆ ನಾಟುತ್ತೆ. ‘ಎರಡನೇ ಲೆವೆಲ್‌ನಲ್ಲಿ ಬಾಗಿಲೇ ಕಾಣಲಿಲ್ಲ’ ಅಂದರೆ ಬಾಗಿಲಿನ ಬಣ್ಣ ಬದಲಿಸಬಹುದು, ಅಲ್ವಾ? ಹೀಗೆ ನಾಲ್ಕು ಸಲ ಆದಮೇಲೆ ಅಪರಿಚಿತರ ಮಾತೂ ಅಷ್ಟು ಚುಚ್ಚಲ್ಲ.

ಪ್ರಚಾರಕ್ಕೆ ‘ದಯವಿಟ್ಟು ಆಡಿ’ ಅಂತ ಗೋಗರೆಯೋದು ಬೇಡ. ಆಟದ ಒಂದು ಮಜವಾದ ಕ್ಷಣದ ಚಿಕ್ಕ ಜಿಫ್ (ಓಡುವ ಚಿತ್ರ) ಹಾಕಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬಿಡುಗಡೆಗೆ ಕನಿಷ್ಠ 2 ವಾರ ಮೊದಲೇ ‘ಕಮಿಂಗ್ ಸೂನ್’ ಪುಟ ಇರಲೇಬೇಕು. ಇನ್ನೂ ಬೇಗ ಹಾಕಿದರೆ ಒಳ್ಳೆಯದು, ವಿಶ್‌ಲಿಸ್ಟ್ (ಆಮೇಲೆ ತಗೊಳ್ಳೋಣ ಅಂತ ಜನ ಗುರುತು ಹಾಕಿಟ್ಟುಕೊಳ್ಳೋದು) ನಿಧಾನವಾಗಿ ಸೇರುತ್ತೆ. ಪೋಸ್ಟ್ ಹಾಕಿದ ತಕ್ಷಣ ಲೈಕ್ ಎಣಿಸುತ್ತಾ ಕೂರಬೇಡಿ. ಮೊಬೈಲ್ ಬದಿಗಿಟ್ಟು ಮುಂದಿನ ಬಗ್ ಸರಿಮಾಡಿ.