ಬೂತಾಯಿ ವಾಪಸ್ ಬಂತಲ್ಲ ಎನ್ನುವ ಮಂಡ್ಯದ ಓದುಗರಿಗೆ

ಬೂತಾಯಿ, ಅಂದರೆ ಎಣ್ಣೆ ಸಾರ್ಡೀನ್ ಮೀನಿನ ಬಗ್ಗೆ ಮಂಡ್ಯದಿಂದ ಒಂದು ಖಾರವಾದ ಕಾಗದ ಬಂದಿದೆ. ಸಾರಾಂಶ ಇಷ್ಟು: "ಬೂತಾಯಿ ಕಾಣೆಯಾದಾಗ ನಿಮ್ಮ ಪತ್ರಿಕೆ ಬೋಟಿನವರನ್ನು ಬೈಯಿತು. ಈಗ ಅದು ತಾನಾಗಿಯೇ ವಾಪಸ್ ಬಂದಿದೆ, ನಮ್ಮ ಮಾರ್ಕೆಟ್ಟಿನಲ್ಲೂ ರಾಶಿ ಬಿದ್ದಿದೆ. ಸಮುದ್ರದ ಮೀನು ಮಳೆ ಇದ್ದಹಾಗೆ, ಒಂದು ವರ್ಷ ಇರುತ್ತೆ, ಒಂದು ವರ್ಷ ಇರಲ್ಲ. ಕಡಲೇ ಇಲ್ಲದ ಊರಲ್ಲಿ ಕೂತು ಮೀನುಗಾರರಿಗೆ ಬುದ್ಧಿ ಹೇಳುವ ಚಪಲ ಏಕೆ?"

ಸ್ವಾಮಿ, ಮಳೆಯ ಮಾತನ್ನು ಒಪ್ಪಿದೆ. 1940ರ ದಶಕದಲ್ಲಿ, ಮಂಗಳೂರು ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಈ ಕರಾವಳಿಯಲ್ಲಿ ಬೂತಾಯಿ ವರ್ಷಗಟ್ಟಲೆ ಮುಖ ತೋರಿಸಲಿಲ್ಲ. ಆಗ ಯಂತ್ರದ ಬೋಟೂ ಇರಲಿಲ್ಲ, ಹಿಂಡನ್ನೇ ಸುತ್ತುವರಿಯುವ ರಾಣಿ ಬಲೆಯೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿ ಕಡಲತಳದ ಕೆಸರನ್ನು ಪದರ ಪದರವಾಗಿ ತೆಗೆದು, ಅದರಲ್ಲಿ ಹೂತಿದ್ದ, ಬೂತಾಯಿಯ ಬಳಗದ ಸಾರ್ಡೀನ್ ಮೀನಿನ ಹುರುಪೆಗಳನ್ನು ಎಣಿಸಿದವರಿದ್ದಾರೆ. ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನಿಂದ ಆ ಮೀನು ಹೆಚ್ಚುತ್ತ ಕುಗ್ಗುತ್ತ ಬಂದಿದೆ. ಮುಂಗಾರಿನಲ್ಲಿ ಆಳದ ತಣ್ಣೀರು ಮೇಲೆದ್ದರೆ ಸೂಕ್ಷ್ಮ ಪಾಚಿ ಬೆಳೆಯುತ್ತದೆ, ಪಾಚಿ ಇದ್ದರೆ ಬೂತಾಯಿ ಇರುತ್ತದೆ. ಇದು ಬೋಟಿನವರ ಕೈಲಿಲ್ಲ.

ಆದರೆ ಮಳೆಯ ಮಾತನ್ನು ಕೆಆರ್‌ಎಸ್ ಪಕ್ಕದಲ್ಲಿರುವ ನೀವು ಅರ್ಧಕ್ಕೇ ಬಿಟ್ಟಿರಲ್ಲ! ಕಟ್ಟೆ ತುಂಬಿ 124.80 ಅಡಿ ನೀರಿದ್ದಾಗ ನಾಲೆಗೆ ಎಷ್ಟು ಬಿಟ್ಟರೂ ಯಾರೂ ಕೇಳುವುದಿಲ್ಲ. 90 ಅಡಿಗಿಳಿದ ವರ್ಷವೂ ಅಷ್ಟೇ ಬಿಡುತ್ತೇವೆ ಎಂದರೆ ಹೆದ್ದಾರಿಗೆ ಬಂದು ಕೂರುವವರಲ್ಲಿ ನೀವೇ ಮೊದಲಿಗರು. ಆಗ "ಮಳೆ ಬಂದರೆ ತುಂಬುತ್ತೆ ಬಿಡಿ" ಅನ್ನುತ್ತೀರಾ? ಪೆರು ದೇಶದವರು ಹಾಗೇ ಅಂದುಕೊಂಡರು. ಅಲ್ಲಿಯ ಆಂಚೊವೆಟಾ ಎಂಬ ಗೇಣುದ್ದವೂ ಇಲ್ಲದ ಮೀನನ್ನು 1970ರಲ್ಲಿ ಒಂದು ಕೋಟಿ 20 ಲಕ್ಷ ಟನ್‌ಗೂ ಮೀರಿ ಬಾಚಿದರು. 1972ರಲ್ಲಿ ಎಲ್ ನಿನೊ ಬಂದು ನೀರು ಬಿಸಿಯಾಯಿತು. ಮರುವರ್ಷ ಸಿಕ್ಕಿದ್ದು 20 ಲಕ್ಷ ಟನ್‌ಗೂ ಕಡಿಮೆ. ಮತ್ತೆ ಹಳೆಯ ಮಟ್ಟದ ಹತ್ತಿರ ಬರಲು 20 ವರ್ಷ ಹಿಡಿಯಿತು. ಸಣ್ಣ ಮೀನುಗಳ ಕುಸಿತವನ್ನು ದೇಶದೇಶಗಳಲ್ಲಿ ಹೋಲಿಸಿ ನೋಡಿದ 2015ರ ಅಧ್ಯಯನವೊಂದು ಹೇಳಿದ್ದೂ ಇದನ್ನೇ: ಹುಟ್ಟುವಳಿ ಇಳಿಯುತ್ತಿದ್ದ ವರ್ಷಗಳಲ್ಲೂ ಹಿಡಿಯುವ ಕೈ ಸಡಿಲವಾಗಿರಲಿಲ್ಲ.

"ಬಲೆ ತುಂಬ ಸಿಗುತ್ತಿದೆಯಲ್ಲ" ಎಂದೂ ಕೇಳಿದ್ದೀರಿ. ಬೇಸಿಗೆಯಲ್ಲಿ ಕೆರೆ ಬತ್ತುವುದನ್ನು ನೆನೆಯಿರಿ. ಉಳಿದ ಗುಂಡಿಯಲ್ಲಿ ಮೀನು ಕುಕ್ಕೆಗೇ ಸಿಗುತ್ತದೆ, ಕೆರೆ ತುಂಬ ಮೀನಿದೆ ಎಂದಲ್ಲ. ಹಿಂಡು ಕಟ್ಟುವ ಮೀನು ಎಷ್ಟು ಕಡಿಮೆಯಾದರೂ ಉಳಿದಷ್ಟು ಒಟ್ಟುಗೂಡುತ್ತದೆ. ಹಿಂಡನ್ನು ಹುಡುಕಲು ಸೋನಾರ್ ಇದೆ, ಸುತ್ತುವರಿಯಲು ರಾಣಿ ಬಲೆ ಇದೆ. ಈ ಬಲೆ ಅಜ್ಜಿಯರ ಎಲೆಅಡಿಕೆ ಸಂಚಿಯ ಹಾಗೆ: ಮೇಲಂಚಿಗೆ ತೇಲುಬುರುಡೆ, ಕೆಳಂಚಿಗೆ ಸೀಸದ ಗುಂಡು ಮತ್ತು ಬಳೆಗಳು, ಬಳೆಗಳ ಒಳಗೆ ಹಾಯುವ ಹಗ್ಗ. ಬೋಟು ಹಿಂಡನ್ನು ಒಂದು ಸುತ್ತು ಹಾಕುತ್ತದೆ, ವಿಂಚು ಹಗ್ಗ ಎಳೆಯುತ್ತದೆ, ತಳ ಮುಚ್ಚಿಕೊಳ್ಳುತ್ತದೆ. ಬಲೆ ಬಿಗಿದ ಮೇಲೆ "ಅಯ್ಯೋ, ಬರೀ ಮರಿ" ಎಂದು ಬಿಟ್ಟರೂ ಫಲ ಕಡಿಮೆ. ಒತ್ತೊತ್ತಾಗಿ ಸಿಕ್ಕಿ ಹುರುಪೆ ಉದುರಿದ ಬೂತಾಯಿ ಹೆಚ್ಚು ಬದುಕುವುದಿಲ್ಲ. ಕೊನೆಯ ಹಿಂಡಿನವರೆಗೂ ಬಲೆ ತುಂಬಿಯೇ ಬರುವುದರಿಂದ, ಬಲೆ ತುಂಬಿದ್ದು ಯಾವುದಕ್ಕೂ ಸಾಕ್ಷಿಯಲ್ಲ.

ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಕೇರಳದ ದಡಕ್ಕೆ 2012ರಲ್ಲಿ ಬಂದ ಬೂತಾಯಿ ಸುಮಾರು 4 ಲಕ್ಷ ಟನ್, 2021ರಲ್ಲಿ ಸುಮಾರು 3,300 ಟನ್. ಲಕ್ಷಗಳಿಂದ ಸಾವಿರಗಳಿಗೆ! ಮುಂದಿನ ವರ್ಷವೇ ಅದು ಲಕ್ಷ ಟನ್ ದಾಟಿತು, ನಿಮ್ಮ ಕಾಗದದ ಸಂಭ್ರಮಕ್ಕೆ ಇದೇ ಕಾರಣ. ಬಂದದ್ದು ನಿಜ. ನಾಲ್ಕರಲ್ಲಿ ಒಂದು ಪಾಲು ಬಂತು ಎಂಬುದೂ ನಿಜ.

ಇನ್ನು ವಯಸ್ಸಿನ ಮಾತು. ಬೂತಾಯಿಯ ಆಯಸ್ಸು ಸುಮಾರು ಎರಡೂವರೆ ವರ್ಷ. ಒಂದು ವರ್ಷಕ್ಕೆ, ಸುಮಾರು 15 ಸೆಂ.ಮೀ. ಉದ್ದಕ್ಕೆ, ಮೊಟ್ಟೆಯಿಡಲು ಸಿದ್ಧ. ಮೊಟ್ಟೆ ಹೆಚ್ಚಾಗಿ ಮುಂಗಾರಿನಲ್ಲಿ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಇಳಿಯುವಂತಿಲ್ಲ. ಒಳ್ಳೆಯದೇ. ಆದರೆ ಆ ಮರಿಗಳು ದಡದ ಹತ್ತಿರ ಹಿಂಡು ಕಟ್ಟುವ ಹೊತ್ತಿಗೆ ಬೋಟುಗಳೆಲ್ಲ ನೀರಿಗಿಳಿದಿರುತ್ತವೆ. ಬಾಣಂತಿಗೆ ರಜೆ ಕೊಟ್ಟು ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡು ಹೋದಂತಾಯಿತು. ಕೇರಳ 2015ರಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ನಿಯಮ ಮಾಡಿತು. ಇಲ್ಲದ್ದಕ್ಕಿಂತ ವಾಸಿ. ಆದರೂ 10ಕ್ಕೂ 15ಕ್ಕೂ ನಡುವಿನ ಮೀನು ಕಾನೂನಿಗೆ ದೊಡ್ಡದು, ಒಮ್ಮೆಯೂ ಮೊಟ್ಟೆಯಿಡದ ಮೀನು.

ಆ ಮರಿ ಎಲ್ಲಿಗೆ ಹೋಗುತ್ತದೆ ಗೊತ್ತೆ? ನಿಮ್ಮ ಮುದ್ದೆಯ ಪಕ್ಕದ ಸಾರಿಗಲ್ಲ. ಬಹುಪಾಲು ಮೀನುಪುಡಿ ಕಾರ್ಖಾನೆಗೆ, ಅಲ್ಲಿಂದ ಸೀಗಡಿ ಕೊಳಕ್ಕೆ, ಕೋಳಿ ಫಾರ್ಮಿಗೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಬಡವರ ತಟ್ಟೆಯ ಮೀನನ್ನು ಪುಡಿ ಮಾಡಿ ಕಾಸಿದ್ದವರ ತಟ್ಟೆಯ ಸೀಗಡಿ ಬೆಳೆಸುವುದಕ್ಕೆ ಅಭಿವೃದ್ಧಿ ಎಂದು ಹೆಸರು. ಪತ್ರಿಕೆಗಳಲ್ಲಿ, ನಮ್ಮದೂ ಸೇರಿ, "ಇಷ್ಟು ಲಕ್ಷ ಟನ್ ದಾಖಲೆ" ಎಂದು ಅಚ್ಚಾಗುತ್ತದೆ. ಆ ಟನ್ನಿನಲ್ಲಿ ತಾಯಿ ಎಷ್ಟು, ಮರಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಾಗರಹೊಳೆಯಲ್ಲಿ ಒಂದು ಹುಲಿ ಸತ್ತರೆ ಮೈಸೂರಿನಿಂದ ಈ ಕಚೇರಿಗೆ ಕಾಗದಗಳ ಕಟ್ಟೇ ಬರುತ್ತದೆ. ಬೂತಾಯಿಗಾಗಿ ಬಂದ ಕಾಗದ ನಿಮ್ಮದೊಂದೇ, ಅದೂ ಬೋಟಿನವರ ಪರ! ಬೈದದ್ದಾಯಿತು, ಬರೆದದ್ದಕ್ಕೆ ಸಂತೋಷವೂ ಆಯಿತು.

ಒಂದು ಕೆಲಸ ಮಾಡಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ 15 ಸೆಂ.ಮೀ.ವರೆಗೆ ಗುರುತಿರುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೀನು ತರುವಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಇಪ್ಪತ್ತು ಬೂತಾಯಿ ಅಳೆಯಿರಿ. ರಾಶಿಯ ಮೇಲೆ ಜೋಡಿಸಿಟ್ಟ ದೊಡ್ಡದನ್ನಲ್ಲ, ಕೈಗೆ ಸಿಕ್ಕಿದ್ದನ್ನು. ಸ್ಕೇಲಿನ 15ರ ಗುರುತು ಮುಟ್ಟದವು ಎಷ್ಟು ಎಂದು ತಾರೀಖಿನ ಸಮೇತ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಎಷ್ಟೇ ಬರಲಿ, ಅಚ್ಚು ಹಾಕುತ್ತೇವೆ.

— ಸಂ.